ಮುಯ್ಯಿ ಪುಸ್ತಕದಲ್ಲಿ ಬಟ್ಟೆಗೂ ಒಂದು ಸಾಲು

ದೊಡ್ಡಉಳ್ಳಾರ್ತಿಯ ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳ ಸದಸ್ಯರಿಗೆ, ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಅಕ್ಕತಂಗಿಯರಿಗೆ, ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂರುವ ಹಿರಿಯರಿಗೆ,



ಮದುವೆಯ ಮರುದಿನ ಚಪ್ಪರ ಬಿಚ್ಚುವ ಹೊತ್ತಿಗೆ ಮನೆಯ ಹೆಣ್ಣುಮಕ್ಕಳು ನಡುಮನೆಯಲ್ಲಿ ಕೂತು ಉಡುಗೊರೆ ಬಿಚ್ಚುತ್ತಾರೆ. ಮುಯ್ಯಿ ಪುಸ್ತಕ ಹಿಡಿದವರು ಒಬ್ಬರು, ಹೆಸರು ಕೂಗುವವರು ಒಬ್ಬರು, ಹಾಳೆ ಹರಿಯುವ ಮಕ್ಕಳು ನಾಲ್ಕಾರು. ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ, ಕುಕ್ಕರ್, ಊಟದ ತಟ್ಟೆಯ ಸೆಟ್ಟು, ದೇವರ ಫೋಟೊ ಒಂದು ಕಡೆ ಸಾಲುಗಟ್ಟುತ್ತವೆ. ಇನ್ನೊಂದು ಕಡೆ ಮಿರಿಮಿರಿ ಮಿಂಚುವ ಹಾಳೆಯ ರಾಶಿ ಬೆಳೆಯುತ್ತದೆ. ಅಂಗಡಿಯ ಗಲ್ಲಾದಿಂದ ಮಂಟಪದವರೆಗೆ, ಹೆಚ್ಚೆಂದರೆ ಒಂದು ಫೋಟೊದವರೆಗೆ, ಅಷ್ಟೇ ಅದರ ಆಯುಷ್ಯ. ಈ ಪತ್ರ ಆ ರಾಶಿಯನ್ನು ಕುರಿತದ್ದು.

ಆ ಹಾಳೆಯಲ್ಲಿ ಹೆಚ್ಚಿನದು ಕಾಗದವಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ತೆಳು ಪದರಕ್ಕೆ ಅಲ್ಯೂಮಿನಿಯಂ ಆವಿ ಹಿಡಿಸಿ ಹೊಳಪು ತರುತ್ತಾರೆ. ಚಿಪ್ಸ್ ಪೊಟ್ಟಣದ ಒಳಮೈ ಹೊಳೆಯುವುದೂ ಇದೇ ಉಪಾಯದಿಂದ. ಕಾಗದದ ಮೇಲೆ ಈ ಪದರ ಅಂಟಿಸಿದ ಹಾಳೆಗಳೂ ಉಂಟು. ಅವುಗಳ ಪಾಡು ಇನ್ನೂ ಕಷ್ಟ, ಕಾಗದ ಬೇರೆ ಪ್ಲಾಸ್ಟಿಕ್ ಬೇರೆ ಎಂದು ಬಿಡಿಸಲು ರದ್ದಿ ಅಂಗಡಿಯವರಿಗೆ ಆಗದು, ಆದ್ದರಿಂದ ಅವರು ಕೊಳ್ಳುವುದೂ ಇಲ್ಲ. ಯಾವುದು ಯಾವುದೆಂದು ತಿಳಿಯುವ ಪರೀಕ್ಷೆ ಸುಲಭ. ಹಾಳೆಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಕೈ ಬಿಚ್ಚಬೇಕು. ಮುದ್ದೆಯಾಗಿಯೇ ಕೂತರೆ ಕಾಗದ, ಮೆಲ್ಲಗೆ ಅರಳಿಕೊಂಡರೆ ಪ್ಲಾಸ್ಟಿಕ್.

ಹಳ್ಳಿಯಲ್ಲಿ ಈ ರಾಶಿಯ ಬಹುಪಾಲು ಎರಡೇ ಕಡೆ ಹೋಗುತ್ತದೆ: ಬೆಂಕಿಗೆ, ಇಲ್ಲವೇ ತಿಪ್ಪೆಗೆ. ಬೆಂಕಿಗೆ ಹಾಕಿದರೆ ಕೆಟ್ಟ ಹೊಗೆ ಎದ್ದು ಪಕ್ಕದ ಮನೆಯ ಕೂಸು ಕೆಮ್ಮುತ್ತದೆ. ತಿಪ್ಪೆಗೆ ಬಿದ್ದದ್ದು ಬೇಸಿಗೆಯಲ್ಲಿ ಗೊಬ್ಬರದ ಜೊತೆ ಗಾಡಿ ಏರಿ ಹೊಲ ಸೇರುತ್ತದೆ. ಶೇಂಗಾ ಹೊಲದಲ್ಲಿ ಕುಂಟೆ ಹೊಡೆಯುವಾಗ ಕುಡಕ್ಕೆ ಸಿಕ್ಕಿಕೊಳ್ಳುವ ಬಣ್ಣದ ಚೂರುಗಳು ಎಲ್ಲಿಂದ ಬಂದವೆಂದು ರೈತರಿಗೆ ಬೇರೆ ಹೇಳಬೇಕಿಲ್ಲ. ಇದು ಗಾಳಿಯ ಸೀಮೆ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹಗುರ ಹಾಳೆ ಹಾರಿ ಹೋಗಿ ಬಳ್ಳಾರಿ ಜಾಲಿಯ ಮುಳ್ಳಿಗೆ ಸಿಕ್ಕಿ, ಬಿಸಿಲಿಗೆ ಸೀಳಿ ಪಟ್ಟಿಪಟ್ಟಿಯಾಗಿ, ಕುರಿಮೇಕೆ ಬಾಯಿ ಹಾಕುವ ಎತ್ತರದಲ್ಲೇ ನೇತಾಡುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿರುವ ಚಳ್ಳಕೆರೆಯಲ್ಲಿ ಮೇವಿಗೆ ಮೊದಲೇ ಬರ. ಹಸಿದ ಪ್ರಾಣಿ ಆರಿಸಿ ತಿನ್ನುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ಬ್ಯಾನರ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಆ ಪಟ್ಟಿಯನ್ನು ಓದಿದವರಿಗೆ ಒಂದು ತಮಾಷೆ ಕಾಣುತ್ತದೆ. ಸಿಹಿತಿಂಡಿ ಡಬ್ಬಿಗೆ, ಆಹ್ವಾನ ಪತ್ರಿಕೆಗೆ, ಸಿಗರೇಟು ಪ್ಯಾಕಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಅದರಲ್ಲಿದೆ. ಬಲೂನಿನ ಕಡ್ಡಿ ಕೂಡ ಇದೆ. ಉಡುಗೊರೆಗೆ ಸುತ್ತುವ ಹಾಳೆ ಇಲ್ಲ. ಲಗ್ನಪತ್ರಿಕೆಯ ಮೇಲಿದ್ದರೆ ತಪ್ಪು, ಅದೇ ಮದುವೆಯ ಕುಕ್ಕರಿನ ಮೇಲಿದ್ದರೆ ಸರಿ! ಹಾಗಾಗಿ ಈ ರಾಶಿಯನ್ನು ಕಡಿಮೆ ಮಾಡಲು ಅಧಿಕಾರಿ ಬರಲೆಂದು ಕಾಯುವುದರಲ್ಲಿ ಅರ್ಥವಿಲ್ಲ.

ತಾಂಬೂಲದ ಚೀಲದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ವಧೂವರರ ಹೆಸರು ಅಚ್ಚು ಹಾಕಿಸಿ ಕೊಡುವ ಒರಟು ಚೀಲವನ್ನು ಎಲ್ಲರೂ ಬಟ್ಟೆ ಚೀಲವೆಂದೇ ನಂಬಿದ್ದಾರೆ. ಅದು ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಳೆಗಳನ್ನು ಹರಡಿ ಬಿಸಿಯಲ್ಲಿ ಒತ್ತಿ ಅಂಟಿಸಿದ್ದು, ಅಂದರೆ ಮಿಂಚುವ ಹಾಳೆಯ ಒಡಹುಟ್ಟಿದ್ದೇ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿ ಉದುರುತ್ತದೆ. ಇದು ಕರಗಿ ಗಟ್ಟಿ ಮಣಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದ ಇಂಥ ಚೀಲಕ್ಕೆ 2021ರ ಸೆಪ್ಟೆಂಬರ್ 30ರಿಂದ ನಿಷೇಧವಿದೆ. 

ಹಾಗಾದರೆ ಏನು ಮಾಡಬೇಕು? ಉತ್ತರ ನಿಮ್ಮ ಟ್ರಂಕಿನಲ್ಲೇ ಇದೆ.

ಈ ಸೀಮೆಯ ಯಾವ ಮನೆಯ ಟ್ರಂಕನ್ನಾದರೂ ತೆಗೆಯಿರಿ, ತಳದಲ್ಲಿ ಕುಪ್ಪಸದ ಕಣಗಳ ಒಂದು ಅಟ್ಟಿ ಇರುತ್ತದೆ. ಮಡಿಲಕ್ಕಿ ಹಾಕಿದಾಗ ಬಂದದ್ದು, ಗೌರಿಹಬ್ಬದ ಬಾಗಿನದ್ದು, ಗೃಹಪ್ರವೇಶದ್ದು, ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟದ್ದು. ಎಂಬತ್ತು ಸೆಂಟಿಮೀಟರಿನ ಆ ತುಂಡುಗಳಲ್ಲಿ ಹೊಲಿಸಿಕೊಳ್ಳುವಂಥದ್ದು ಹತ್ತಕ್ಕೆ ಒಂದೋ ಎರಡೋ. ಬಣ್ಣ ಸೀರೆಗೆ ಹೊಂದುವುದಿಲ್ಲ, ಬಟ್ಟೆ ಬಿಸಿಲಿಗೆ ತಡೆಯುವುದಿಲ್ಲ, ಹೊಲಿಗೆಯ ಕೂಲಿ ಬಟ್ಟೆಗಿಂತ ಹೆಚ್ಚಾಗುತ್ತದೆ. ಹಾಗೆಂದು ಬಿಸಾಡುವಂತೆಯೂ ಇಲ್ಲ, ಮುತ್ತೈದೆಗೆ ಕೊಟ್ಟದ್ದು. ಹೀಗಾಗಿ ಅವು ಮನೆಯಿಂದ ಮನೆಗೆ ಮಡಿಕೆಯೂ ಬಿಚ್ಚದೆ ತಿರುಗುತ್ತಿರುತ್ತವೆ. ಹೋದ ವರ್ಷ ಕೊಟ್ಟ ಹಸಿರು ಕಣ ಈ ವರ್ಷ ತಿರುಗಿ ಕೊಟ್ಟವರ ಮಡಿಲಿಗೇ ಬಂದು ಬೀಳುವುದೂ ಉಂಟು, ಇಬ್ಬರೂ ಗುರುತಿಸಿ ಇಬ್ಬರೂ ಸುಮ್ಮನಿರುವುದೂ ಉಂಟು.

ಉಡುಗೊರೆ ಸುತ್ತಲು ಇದಕ್ಕಿಂತ ಒಳ್ಳೆಯ ಬಟ್ಟೆ ಹುಡುಕಬೇಕಿಲ್ಲ. ಅದು ಶುಭದ ಬಟ್ಟೆ, ಬಣ್ಣದ್ದು, ಬಹುಪಾಲು ಹೊಸದು, ಅಳತೆಯಲ್ಲಿ ಸುಮಾರಾಗಿ ಚೌಕ. ದುಡ್ಡು ಕೊಡಬೇಕಿಲ್ಲ.

ಕಟ್ಟುವ ಕೆಲಸ ಕಲಿಯಲು ತರಬೇತಿ ಶಿಬಿರವೂ ಬೇಡ. ಕಣವನ್ನು ಚೌಕಕ್ಕೆ ಕತ್ತರಿಸಿ ನಾಲ್ಕೂ ಅಂಚು ಮಡಚಿ ಹೊಲಿದರೆ ಬಟ್ಟೆ ಸಿದ್ಧ. ಮೂಲೆಯಿಂದ ಮೂಲೆಗೆ ಅಳೆದ ಉದ್ದ ಉಡುಗೊರೆಯ ಉದ್ದದ ಮೂರರಷ್ಟಿರಬೇಕು, ಅದೊಂದೇ ಲೆಕ್ಕ. ಎಂಬತ್ತು ಸೆಂಟಿಮೀಟರಿನ ಚೌಕದಲ್ಲಿ ಆ ಕರ್ಣ ಸುಮಾರು 113 ಸೆಂಟಿಮೀಟರ್ ಬರುತ್ತದೆ, ಅಂದರೆ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಡಬ್ಬಿಯವರೆಗೆ ಧಾರಾಳ. ಬಟ್ಟೆಯನ್ನು ಓರೆಯಾಗಿ ಹಾಸಿ ಡಬ್ಬಿಯನ್ನು ನಡುವೆ ಇಡಿ. ನಿಮ್ಮ ಕಡೆಯ ಮೂಲೆಯನ್ನು ಡಬ್ಬಿಯ ಮೇಲೆ ಹಾಕಿ ಅಡಿಗೆ ಸಿಕ್ಕಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ತನ್ನಿ. ಉಳಿದ ಎರಡು ಮೂಲೆಗಳನ್ನು ಮೇಲೆತ್ತಿ ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಬಿಗಿದು, ಎರಡನೆಯ ಸಲ ಈಗ ಎಡಕ್ಕಿರುವ ತುದಿಯನ್ನು ಬಲದ ಮೇಲೆ ಹಾಯಿಸಿ. ಎರಡೂ ಸಲ ಒಂದೇ ದಿಕ್ಕಿಗೆ ಹಾಯಿಸಿದರೆ ಗಂಟಿನ ಕಿವಿಗಳು ಅಡ್ಡ ನಿಲ್ಲದೆ ಉದ್ದಕ್ಕೆ ತಿರುಗುತ್ತವೆ, ದಾರಿಯಲ್ಲೇ ಸಡಿಲವಾಗುತ್ತವೆ. ಸರಿಯಾದ ಗಂಟು ಉಡುಗೊರೆಯ ಭಾರಕ್ಕೆ ಬಿಚ್ಚದು. ಆದರೆ ಒಂದು ತುದಿಯನ್ನು ಹಿಡಿದು ಹಿಂದಕ್ಕೆ ನೆಟ್ಟಗೆ ಎಳೆದರೆ ಇನ್ನೊಂದು ತುದಿ ಜಾರಿ ಬರುತ್ತದೆ, ಉಗುರು ಹಾಕಬೇಕಿಲ್ಲ. ಕಟ್ಟಲು ಸೆಲ್ಲೋಟೇಪು ಬೇಡ, ಬಿಚ್ಚಲು ಕತ್ತರಿ ಬೇಡ. ಹೊಲಕ್ಕೆ ಬುತ್ತಿ ಕಟ್ಟಿ ಬೆಳೆದ ಕೈಗಳಿಗೆ ಇದನ್ನೆಲ್ಲ ಹೇಳುವುದು ಅಧಿಕಪ್ರಸಂಗವೇ ಸರಿ, ಆದರೆ ಸ್ಕೂಟರಿನಲ್ಲಿ ಬ್ಯಾಗು ನೇತುಹಾಕಿ ಬೆಳೆದ ಮಕ್ಕಳಿಗೆ ಗಂಟು ಮರೆತಿದೆ.

ಬಟ್ಟೆಯನ್ನು ಕತ್ತರಿಸದೆ, ಹೆಚ್ಚು ಹೊಲಿಯದೆ, ಬೇಕಾದ ಹಾಗೆ ಮಡಚಿ ಬಳಸುವ ಜಾಣತನ ಈ ನೆಲದಲ್ಲಿ ಹಳೆಯದು. ಕುರಿಗಾಹಿಯ ಕಂಬಳಿ ಒಂದೇ ತುಂಡು. ಒಂದು ತುದಿ ಮಡಚಿ ತಲೆಗೆ ಹಾಕಿದರೆ ಮಳೆಗೆ ಕೊಪ್ಪೆ, ನೆಲಕ್ಕೆ ಹಾಸಿದರೆ ಹಾಸಿಗೆ, ಮದುವೆಯಲ್ಲಿ ಗದ್ದುಗೆ. ಸಂತೆಗೆ ಹೋಗುವವರ ಹೆಗಲಿಗೆ ಹಸಿಬೆ ಚೀಲ, ಅಜ್ಜಿಯರ ಸೊಂಟಕ್ಕೆ ಎಲೆಅಡಿಕೆ ಸಂಚಿ. ಸೀರೆಯ ಸೆರಗೇ ಒಂದು ಚೀಲವಲ್ಲದೆ ಮಡಿಲಕ್ಕಿ ಎಲ್ಲಿ ತುಂಬಿಸಿಕೊಳ್ಳುತ್ತಿದ್ದರು? ಚಳ್ಳಕೆರೆ ತಾಲ್ಲೂಕಿನ ಕಂಬಳಿ ನೇಕಾರರು ಹುಣಿಸೆ ಬೀಜದ ಸರಿ ಹಚ್ಚಿ ನೂಲು ಗಟ್ಟಿ ಮಾಡುವ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ. ಆದರೆ ಆ ಉಣ್ಣೆ ಕೊಡುವ ಕುರಿ ಮೇಯುತ್ತಿದ್ದ ಉಳ್ಳಾರ್ತಿ, ವರವು, ಕುದಾಪುರ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿ, ಸುತ್ತ ಗೋಡೆ ಎದ್ದಿದೆ. ಅದು ಬೇರೆಯದೇ ಪತ್ರದ ವಿಷಯ.

ಈಗ ಆಕ್ಷೇಪಣೆಗೆ ಬರೋಣ. ಸಂಘದ ಸಭೆಯಲ್ಲಿ ಈ ಮಾತು ಎತ್ತಿದರೆ ಒಂದು ಮೂಲೆಯಿಂದ ಖಂಡಿತ ಬರುವ ಪ್ರಶ್ನೆ ಇದು: ಶುಭಕಾರ್ಯಕ್ಕೆ ಬಳಸಿದ ಬಟ್ಟೆಯಲ್ಲಿ ಕಟ್ಟಿ ಕೊಡುವುದೇ? ನಾಲ್ಕು ಜನ ಏನೆಂದಾರು? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ತಪ್ಪು. ಕಪ್ಪು ಬೇಡ, ಬಿಳಿ ಬೇಡ ಎನ್ನುವ ಮನೆಗಳಿವೆ, ಅವರ ಮನಸ್ಸು ನೋಯಿಸಿ ಪರಿಸರ ಉಳಿಸಬೇಕಾಗಿಲ್ಲ. ಹಸಿರು, ಕೆಂಪು, ಹಳದಿ ಬೇಕಾದಷ್ಟಿವೆ. ಆದರೆ ಹಳೆಯದೆಲ್ಲ ಅಶುಭ ಎಂಬ ಮಾತು ನಮ್ಮ ಮನೆಗಳಲ್ಲೇ ನಿಲ್ಲುವುದಿಲ್ಲ. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಅಜ್ಜಿಯ ಹಳೆಯ ಮೆತ್ತನೆ ಸೀರೆ. ತೊಟ್ಟಿಲಿಗೆ ಹಾಸುವ ಕೌದಿಯಲ್ಲಿ ಮನೆಯ ನಾಲ್ಕು ತಲೆಮಾರಿನ ಬಟ್ಟೆಯ ಚೂರುಗಳಿರುತ್ತವೆ. ಕೂಸಿನ ಮೈಗೆ ಆಗುವ ಬಟ್ಟೆ ಕುಕ್ಕರಿನ ಮೈಗೆ ಆಗುವುದಿಲ್ಲವೇ?

ಹಳೆಯ ಸೀರೆಯ ಲೆಕ್ಕವನ್ನೂ ಹಾಕಿ ನೋಡಬಹುದು. ಐದೂವರೆ ಮೀಟರ್ ಸೀರೆ, ಅಗಲ ಸುಮಾರು 45 ಇಂಚು. ಇಪ್ಪತ್ತೆರಡೂವರೆ ಇಂಚಿನ ಚೌಕಗಳಾಗಿ ಕತ್ತರಿಸಿದರೆ ಅಗಲಕ್ಕೆ ಎರಡು, ಉದ್ದಕ್ಕೆ ಒಂಬತ್ತು, ಒಟ್ಟು ಹದಿನೆಂಟು ತುಂಡು. ಇದು ಕಾಗದದ ಮೇಲಿನ ಲೆಕ್ಕ. ನೆರಿಗೆ ಸಿಕ್ಕಿಸುವ ಜಾಗ, ಕಾಲಿಗೆ ತಾಗುವ ಅಂಚು, ಹೆಗಲ ಮೇಲೆ ಪಿನ್ ಚುಚ್ಚಿದ ಸೆರಗು ಮೊದಲೇ ಸವೆದಿರುತ್ತವೆ. ಹನ್ನೆರಡು ಗಟ್ಟಿ ತುಂಡು ಸಿಕ್ಕರೆ ಲಾಭವೆನ್ನಬೇಕು. ಆ ಅಳತೆ ಪುಸ್ತಕಕ್ಕೆ, ಸಣ್ಣ ಡಬ್ಬಿಗೆ, ಬಳೆಯ ಪೆಟ್ಟಿಗೆಗೆ ಸಾಕು. ಮೊಳಕಾಲ್ಮುರು ಸೀರೆಗೆ ಕತ್ತರಿ ಹಾಕಿ ಎಂದು ಮಾತ್ರ ಯಾರೂ ಓದಿಕೊಳ್ಳಬಾರದು. 2011ರಲ್ಲಿ ಜಿಐ ಮಾನ್ಯತೆ ಪಡೆದ ಆ ರೇಷ್ಮೆ ಮಗಳಿಗೂ ಮೊಮ್ಮಗಳಿಗೂ ಉಡಲು ಇರುವಂಥದ್ದು. ಆದರೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ. ಹಾಗೆ ಬಿರಿದು ಉಡಲಾರದಾದ ಸೀರೆಯನ್ನು ಊರ ಮೇಲೆ ಬರುವ ಹಳೆ ಜರಿಯ ವ್ಯಾಪಾರಿಗೆ ತೂಕಕ್ಕೆ ಹಾಕುವ ಮುಂಚೆ, ಅಂಚು ಉಳಿದ ನಾಲ್ಕು ಚೌಕ ತೆಗೆದಿಡುವುದು ಒಳ್ಳೆಯದು. ಮಗಳ ಮದುವೆಯ ಚಿನ್ನದ ಪೆಟ್ಟಿಗೆಗೆ ತಾಯಿಯ ಧಾರೆ ಸೀರೆಯ ತುಂಡಿಗಿಂತ ಹೆಚ್ಚಿನ ಹೊದಿಕೆ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಹೊರದೇಶದವರು ಇದನ್ನು ದೊಡ್ಡ ಕಲೆಯಾಗಿ ಬೆಳೆಸಿದ್ದಾರೆ. ಜಪಾನಿನಲ್ಲಿ ಇಂಥ ಚೌಕ ಬಟ್ಟೆಗೆ ಫುರೊಶಿಕಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅಲ್ಲಿಯೂ ಅದು ಮೂಲೆ ಸೇರಿತ್ತು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಖುದ್ದಾಗಿ ಒಂದು ಫುರೊಶಿಕಿ ಮಾಡಿಸಿ, ಬಳಸಿ ಬಿಸಾಡುವ ಚೀಲದ ಬದಲು ಇದನ್ನು ಹಿಡಿಯಿರಿ ಎಂದು ಜನರ ಮುಂದಿಟ್ಟರು. ಅದರ ನೂಲು ಬಳಸಿದ ಪ್ಲಾಸ್ಟಿಕ್ ಬಾಟಲಿಗಳಿಂದ ತೆಗೆದದ್ದು. ಕೊರಿಯಾದಲ್ಲಿ ಹೊಲಿಗೆಯಲ್ಲಿ ಉಳಿದ ಚೂರುಗಳನ್ನು ಜೋಡಿಸಿ ಬೊಜಾಗಿ ಎಂಬ ಹೊದಿಕೆ ಮಾಡುತ್ತಾರೆ. ಅದನ್ನು ಕಂಡರೆ ನಮ್ಮ ಕೌದಿ ಹೊಲಿಯುವ ಅಜ್ಜಿಯರು ತಮ್ಮದೇ ಎಂದಾರು. ಮಂತ್ರಿಯೇ ಬಂದು ನೆನಪಿಸಬೇಕಾದ ಸ್ಥಿತಿ ಚಳ್ಳಕೆರೆ ಸೀಮೆಗೆ ಇನ್ನೂ ಬಂದಿಲ್ಲ, ಕೌದಿ ಹೊಲಿಯುವವರು ಇಲ್ಲಿ ಇನ್ನೂ ಇದ್ದಾರೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಈ ಕೆಲಸವೇ ಕೆಡುವುದು ಇದನ್ನು ಮರೆತಾಗ. ಬಟ್ಟೆ ಎಂದಾಕ್ಷಣ ಪರಿಸರಕ್ಕೆ ಒಳ್ಳೆಯದು ಎಂದಲ್ಲ. ಒಂದು ಕಿಲೋ ಹತ್ತಿ ಬಟ್ಟೆ ತಯಾರಾಗಲು ಜಗತ್ತಿನ ಸರಾಸರಿ ಲೆಕ್ಕದಲ್ಲಿ ಸುಮಾರು 10,000 ಲೀಟರ್ ನೀರು ಬೇಕು. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹತ್ತಿ ಚೀಲ ಹವಾಮಾನದ ಲೆಕ್ಕದಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಚೀಲದ ಲೆಕ್ಕ ಉಡುಗೊರೆಯ ಬಟ್ಟೆಗೆ ಹಾಗೆಯೇ ಹೊಂದುವುದಿಲ್ಲ, ಆದರೆ ಗಾಳಿ ಬೀಸುವ ದಿಕ್ಕು ಅದೇ. ಮಾರುಕಟ್ಟೆಯಿಂದ ಹೊಸ ಸ್ಯಾಟಿನ್ ಬಟ್ಟೆ ತಂದು, ಅದಕ್ಕೆ ಲೇಸು ಹಚ್ಚಿ, ಒಂದು ಮದುವೆಗೆ ಬಳಸಿ ಕಪಾಟಿನಲ್ಲಿ ತುರುಕಿದರೆ ಮಿಂಚುವ ಹಾಳೆಯೇ ವಾಸಿ. ಬೆಂಗಳೂರಿನ ಅಂಗಡಿಗಳಲ್ಲಿ ಪರಿಸರಸ್ನೇಹಿ ಎಂಬ ಚೀಟಿ ಹಚ್ಚಿಕೊಂಡು ಕೂತಿರುವ ಹೊಸ ಹೊದಿಕೆ ಬಟ್ಟೆಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಆಗಲೇ ನೇಯ್ದು, ಆಗಲೇ ಮನೆ ಸೇರಿ, ಸುಮ್ಮನೆ ಬಿದ್ದಿರುವ ಬಟ್ಟೆ ಮಾತ್ರ ಇದಕ್ಕೆ ಅರ್ಹ. ಅದೂ ಮತ್ತೆಮತ್ತೆ ಕೈ ಬದಲಾಯಿಸಬೇಕು.

ಕೈ ಬದಲಾಯಿಸುವ ಏರ್ಪಾಡು ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಿಲ್ಲ, ಮುಯ್ಯಿ ಇದೆ. ಜಗತ್ತಿನ ಬೇರೆ ಹಲವು ಕಡೆ ಉಡುಗೊರೆ ಕೊಟ್ಟವರು ಬಟ್ಟೆ ವಾಪಸ್ ಕೇಳಲು ಸಂಕೋಚಪಡಬೇಕಾಗುತ್ತದೆ. ಇಲ್ಲಿ ಕೊಟ್ಟದ್ದು ತಿರುಗಿ ಬರಲೇಬೇಕೆಂಬುದು ಊರಿನ ಲೆಕ್ಕ. ಯಾರು ಏನು ತಂದರೆಂದು ಪುಸ್ತಕದಲ್ಲಿ ಬರೆದು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ಒಯ್ಯುತ್ತಾರೆ. ತಾತ ಬರೆದ ಸಾಲನ್ನು ಮೊಮ್ಮಗ ತೀರಿಸುವುದುಂಟು. ಆ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿದರೆ ಸಾಕು: ಸ್ಟೀಲ್ ಡಬ್ಬಿ ಒಂದು, ಹಸಿರು ಬಟ್ಟೆ ಒಂದು. ಮುಂದಿನ ಸಲ ಅದೇ ಹಸಿರು ಬಟ್ಟೆಯಲ್ಲಿ ಬೇರೆ ಡಬ್ಬಿ ಕಟ್ಟಿಕೊಂಡು ಹೋಗುವುದು. ಮೂಲೆಯಲ್ಲಿ ಮನೆತನದ ಮೊದಲಕ್ಷರವನ್ನು ಎರಡು ಹೊಲಿಗೆಯಲ್ಲಿ ಹಾಕಿಬಿಟ್ಟರೆ ಬಟ್ಟೆ ಅದಲುಬದಲಾಗುವ ಜಗಳವೂ ಇಲ್ಲ. ಮೂರು ಮದುವೆ ಮುಗಿಸಿ ಬಂದ ಬಟ್ಟೆಯಲ್ಲಿ ಮೂರು ಮನೆಯ ಗುರುತು ಬೀಳಲಿ, ತಪ್ಪೇನು?

ಈಚೆಗೆ ಮುಯ್ಯಿ ಎಂದರೆ ಹೆಚ್ಚಾಗಿ ಲಕೋಟೆ. ನೋಟಿನ ಜೊತೆ ಒಂದು ರೂಪಾಯಿ ನಾಣ್ಯ ಅಂಟಿಸಿದ, ಹೊಳೆಯುವ ಗಣಪತಿಯಿರುವ ಲಕೋಟೆ. ಅದರ ಗತಿಯೂ ಅಷ್ಟೇ. ಟೈಲರ್ ಅಂಗಡಿಯ ಕಟ್‌ಪೀಸಿನಿಂದ ಅಂಗೈಯಗಲದ ಸಂಚಿ ಹೊಲಿದು, ಬಾಯಿಗೆ ದಾರ ಪೋಣಿಸಿದರೆ ಅದೇ ಲಕೋಟೆಯಾಗುತ್ತದೆ. ಹೆಸರು ಬರೆದ ಚೀಟಿ ಒಳಗಿರಲಿ. ಆಮೇಲೆ ಅದರಲ್ಲಿ ಎಲೆಅಡಿಕೆಯಾದರೂ ಇಡಬಹುದು, ಮಕ್ಕಳ ಗೋಲಿಯಾದರೂ ಇಡಬಹುದು, ಔಷಧದ ಚೀಟಿಯಾದರೂ ಇಡಬಹುದು.

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗಿನಿಂದ ಸಂಘಗಳಿಗೆ ಉಪ್ಪಿನಕಾಯಿ ಮಾಡಿ, ಊದಿನಕಡ್ಡಿ ಹೊಸೆಯಿರಿ, ರೊಟ್ಟಿ ತಟ್ಟಿ ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಈ ಪತ್ರ ಆ ಸಾಲಿಗೆ ಸೇರಬಾರದು. ಉಡುಗೊರೆಯ ಬಟ್ಟೆ ಹೊಲಿದು ಸಂಘ ಶ್ರೀಮಂತವಾಗುವುದಿಲ್ಲ. ಮತ್ತೆಮತ್ತೆ ಬಳಸುವ ವಸ್ತುವಿನ ವ್ಯಾಪಾರ ಚೆನ್ನಾಗಿ ನಡೆದಷ್ಟೂ ಗಿರಾಕಿ ಕಡಿಮೆಯಾಗಬೇಕು. ತಾಂಬೂಲದ ಚೀಲದ ಮಾತು ಬೇರೆ. ಮದುವೆ ಮದುವೆಗೂ ಇನ್ನೂರು ಮುನ್ನೂರು ಬೇಕಾಗುತ್ತವೆ, ಪ್ರತಿ ಸಲವೂ ಹೊಸದಾಗಿ ಬೇಕು, ಅತಿಥಿಗಳು ಮನೆಗೆ ಒಯ್ದು ಸಂತೆಗೆ ಬಳಸುತ್ತಾರೆ. ಹಳೆ ಸೀರೆ, ಹಳೆ ಪಂಚೆಯಿಂದ ಹೊಲಿದ ಚೀಲಕ್ಕೆ ಮುಹೂರ್ತದ ತಿಂಗಳುಗಳಲ್ಲಿ ಬೇಡಿಕೆ ಹುಟ್ಟಿಸಬಹುದು, ಒಂದೆರಡು ಯಂತ್ರಗಳಿಗೆ ಬಿಡುವಿನ ಕೆಲಸ ಸಿಗಬಹುದು. ಅದಕ್ಕಿಂತ ಹೆಚ್ಚಿನ ಆಸೆ ತೋರಿಸುವುದು ಮೋಸ.

ಆದ್ದರಿಂದ ಸಂಘಗಳಲ್ಲಿ ಕೋರಿಕೆ ಇಷ್ಟೇ. ಮುಂದಿನ ವಾರದ ಉಳಿತಾಯದ ಸಭೆಗೆ ಬರುವಾಗ ಪ್ರತಿ ಸದಸ್ಯೆ ಹೊಲಿಸದೆ ಬಿದ್ದಿರುವ ಎರಡು ಕುಪ್ಪಸದ ಕಣ ತರಲಿ. ಯಂತ್ರ ಇರುವವರು ಅಂಚು ಹೊಲಿದುಕೊಡಿ. ಊರಿನ ಟೈಲರುಗಳು ಕತ್ತರಿಸಿ ಉಳಿದ ತುಂಡುಗಳನ್ನು ಗುಡಿಸಿ ಹಾಕದೆ ಒಂದು ಚೀಲದಲ್ಲಿ ಎತ್ತಿಟ್ಟು ಸಂಘಕ್ಕೆ ಕೊಡಲಿ. ಮುಯ್ಯಿ ಬರೆಯುವ ಹಿರಿಯರು ಈ ವರ್ಷದ ಹೊಸ ಪುಸ್ತಕದಲ್ಲಿ ಗೆರೆ ಹಾಕುವಾಗ ಬಟ್ಟೆಗೆಂದು ಒಂದು ಅಂಕಣ ಬಿಡಲಿ. ಊರಿನಲ್ಲಿ ಮೊದಲು ಬರುವ ಮದುವೆ ಯಾರದೇ ಆಗಲಿ, ಸಂಘದ ಹೆಸರಿನಲ್ಲಿ ಹೋಗುವ ಉಡುಗೊರೆ ಬಟ್ಟೆಯಲ್ಲಿ ಕಟ್ಟಿಕೊಂಡೇ ಹೋಗಲಿ. ನೋಡಿದವರು ಕೇಳುತ್ತಾರೆ, ಕೇಳಿದವರಿಗೆ ಗಂಟು ಹಾಕುವುದನ್ನು ಅಲ್ಲೇ ತೋರಿಸಿಕೊಡಿ.